ಒಲೆಯ ಮುಂದೆ ಮಾತ್ರ

ನುವೊರೊ ಆಸ್ಪತ್ರೆಗೆ ಬಸ್ಸಲ್ಲಿ ಐವತ್ತು ನಿಮಿಷ.
ಅಷ್ಟೂ ಹೊತ್ತು ಬಾಯಿಪಾಠ ಮಾಡುತ್ತೇನೆ
ಹಿಟ್ಟಿನ ಚೀಲ ಹರಿದು ಬರೆದ ಪಟ್ಟಿ:
ಎಡಗಾಲ ಜೋಮು. ಬಲಗಣ್ಣ ಮಬ್ಬು.
ಕೈಯಿಂದ ಜಾರಿದ ಲೋಟ, ಈ ತಿಂಗಳು ನಾಲ್ಕು.
ಕೊನೆಗೆ, ಸಣ್ಣಕ್ಷರದಲ್ಲಿ,
ಒಂದಕ್ಕೆ ಅವಸರವಾದರೆ ತಡೆಯಲಾಗದ್ದು.
ದಾರಿಯ ಯಾವ ಕಾಫಿ ಅಂಗಡಿಯಲ್ಲಿ ಪಾಯಿಖಾನೆ ಉಂಟು,
ಯಾವುದರ ಬಾಗಿಲಿಗೆ ಅಗುಳಿಯಿಲ್ಲ,
ನನ್ನನ್ನು ಕೇಳಿ.

ಡಾಕ್ಟರ ಮುಂದೆ ಕೂತದ್ದೇ
ಕಾಲಿಗೆ ಎಲ್ಲಿಲ್ಲದ ಮರ್ಯಾದೆ ಬಂದುಬಿಡುತ್ತದೆ.
ನಡೆಯಿರಿ ಅಂದರೆ ನಡೆಯುತ್ತೇನೆ, ಗೆರೆ ಎಳೆದ ಹಾಗೆ.
ಕಣ್ಣು ಗೋಡೆಯ ಮೇಲಿನ ಕೊನೆಯ ಸಾಲನ್ನೂ ಓದುತ್ತದೆ.
ನನ್ನ ಗಂಡ ಬಾಕಿಸಿಯೊನ ಹಳೆ ವ್ಯಾನೂ ಹೀಗೇ,
ಮೆಕ್ಯಾನಿಕ್ ಕಂಡರೆ ಕೆಮ್ಮುವುದೇ ಇಲ್ಲ.

ಮೊದಲನೆಯವರು ಅಂದರು, ರಕ್ತ ಕಡಿಮೆ.
ಎರಡನೆಯವರು, ವಯಸ್ಸು; ಆಗ ನನಗೆ ಮೂವತ್ತೊಂಬತ್ತು.
ಮೂರನೆಯವರು ಪೆನ್ನು ಮುಚ್ಚಿ, ತುಂಬ ಮೆಲ್ಲಗೆ,
"ಸಿನ್ಯೋರಾ, ಮನೆಯಲ್ಲಿ ಎಲ್ಲ ಸರಿಯಿದೆಯೆ?"
ಸರಿಯಿತ್ತು.
ಆ ಪ್ರಶ್ನೆಯನ್ನು ಮನೆಗೆ ಹೊತ್ತು ತಂದ ಮೇಲೆ
ಒಂದು ವಾರ ಸರಿಯಿರಲಿಲ್ಲ.

ಸುಸ್ತು ಅಂದೆ. ಬರೆದುಕೊಂಡರು: ಸುಸ್ತು.
ಸುಸ್ತು ನನಗೆ ಗೊತ್ತು,
ಹದಿನಾರರಿಂದ ಬೆಳಗಿನ ಮೂರಕ್ಕೆ ಎದ್ದು ಹಿಟ್ಟು ನಾದಿದವಳು.
ಸುಸ್ತಿಗೆ ಹಾಸಿಗೆ ಕೊಟ್ಟರೆ ಸುಮ್ಮನಾಗುತ್ತದೆ.
ಇದು ನನಗಿಂತ ಮೊದಲೇ ಹೋಗಿ ಹಾಸಿಗೆಯಲ್ಲಿ ಮಲಗಿರುತ್ತದೆ,
ನನಗೆ ಜಾಗ ಬಿಡದ ಹಾಗೆ.

ತಲೆ ಬಗ್ಗಿಸಿದರೆ ಕತ್ತಿಂದ ಸೊಂಟದವರೆಗೆ
ಛಟ್ಟನೆ ಮಿಂಚು.
ಇಗರ್ಜಿಯಲ್ಲಿ ಎಲ್ಲರೊಡನೆ ತಲೆ ತಗ್ಗಿಸಿ ಬೆಚ್ಚಿಬಿದ್ದೆ;
ಪಕ್ಕದಲ್ಲಿದ್ದ ಮುದುಕಿ ತೊನಿಯಾ ಕೈ ಹಿಡಿದು ಪಿಸುಗುಟ್ಟಿದಳು:
ದೇವರು ಮುಟ್ಟಿದ.
ಇರಬಹುದು. ಅವನ ಕೈ ಒದ್ದೆಯಿತ್ತೇನೋ.

ಏಳನೆಯ ವರ್ಷ ಡಾಕ್ಟರ್ ಪಿರೆದ್ದು ಬಂದಳು.
ಚಿಕ್ಕ ಪ್ರಾಯ, ಮೂಗು ಸೋರುವ ನೆಗಡಿ.
ಎಲ್ಲಿದ್ದಾಗ ಹೆಚ್ಚು? ಅಂದಳು.
ಎಷ್ಟು ಅಂತ ಕೇಳಿದ್ದರು ಎಲ್ಲರೂ, ಒಂದರಿಂದ ಹತ್ತರೊಳಗೆ.
ಎಲ್ಲಿ ಅಂತ ಯಾರೂ ಕೇಳಿರಲಿಲ್ಲ.

ಒಲೆಯ ಮುಂದೆ, ಅಂದೆ.
ಒಲೆಯ ಮುಂದೆ ಏನಾಗುತ್ತದೆ, ಹೇಳಿ.

ಹೇಳಿದೆ. ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ರೊಟ್ಟಿ
ಬೆಂಕಿಗೆ ಹೋದದ್ದೇ ಚೆಂಡಿನ ಹಾಗೆ ಉಬ್ಬುತ್ತದೆ.
ಆರುವ ಮೊದಲು ಅಂಚಿನುದ್ದ ಚಾಕು ಆಡಿಸಿ
ಎರಡು ಪದರ ಬಿಡಿಸಬೇಕು; ಆಮೇಲೆ ಮತ್ತೆ ಬೆಂಕಿಗೆ.
ಹತ್ತನೆಯ ರೊಟ್ಟಿಗೆ, ಯಾರೋ ಕಿಟಕಿಗೆ ಹಿಟ್ಟು ಊದಿದಂತೆ
ಬಲಗಣ್ಣು ಬಿಳುಪೇರುತ್ತದೆ.
ಹದಿನೈದಕ್ಕೆ ಎಡಗಾಲು ಬೇರೆ ಯಾರದೋ.
ಬಾಗಿಲು ತೆಗೆದು ಮಣಿಕಟ್ಟಿಗೆ ತಣ್ಣೀರು ಹೊಯ್ದರೆ
ಇಪ್ಪತ್ತು ನಿಮಿಷದಲ್ಲಿ ಎಲ್ಲ ವಾಪಸು.
ಇಲ್ಲಿ ನಿಮ್ಮ ಕೋಣೆ ತಂಪಾಗಿದೆ, ಡಾಕ್ಟರೆ.

ಅವಳು ಬರೆಯುವುದು ನಿಲ್ಲಿಸಿ ಮೂಗು ಒರೆಸಿಕೊಂಡಳು.

ಸ್ಕ್ಯಾನಿನಲ್ಲಿ ಬಿಳಿ ಚುಕ್ಕೆಗಳು, ಎಣಿಸಿದರು, ಹನ್ನೊಂದು.
ಮಲ್ಟಿಪಲ್ ಸ್ಕ್ಲೆರೋಸಿಸ್.
ನರದ ಹೊದಿಕೆ ಅಲ್ಲಲ್ಲಿ ಕಳಚಿದೆ,
ವೈರಿನ ಮೇಲಿನ ಪ್ಲಾಸ್ಟಿಕ್ಕಿನ ಹಾಗೆ, ಅಂದಳು.
ವೈರು ಬೇಡ ಡಾಕ್ಟರೆ, ಪದರ ಬಿಡಿಸುವುದು ನನ್ನ ಕಸುಬು,
ಚಾಕು ತಪ್ಪಿದರೆ ಏನಾಗುತ್ತದೆ ಅಂತ ಗೊತ್ತು.

ಬಸ್ಸಲ್ಲಿ ನನಗೆ ಬಂದದ್ದು ಅಳುವಲ್ಲ.
ತಪ್ಪು ತಿಳಿಯಬೇಡಿ, ಹನ್ನೊಂದು ಸಾಕ್ಷಿಗಳು,
ಏಳು ವರ್ಷದ ಮೇಲೆ, ನನ್ನ ಕಡೆ.
ಅಳು ಬಂದದ್ದು ಮಾರನೆಯ ಬೆಳಿಗ್ಗೆ ಮೂರಕ್ಕೆ,
ಏಳಬೇಕಿಲ್ಲದಿದ್ದರೂ ಎಚ್ಚರವಾದಾಗ.

ಈಗ ಒಲೆಯ ಮುಂದೆ ನಾದಿನಿಯ ಮಗ.
ನಾನು ಬಾಗಿಲ ಹತ್ತಿರ, ಗಾಳಿ ಬರುವಲ್ಲಿ,
ಕೂತೇ ಪದರ ಬಿಡಿಸುತ್ತೇನೆ. ಕೆಲವು ದಿನ ಹರಿಯುತ್ತವೆ.
ಹರಿದದ್ದನ್ನು ನಾವೇ ತಿನ್ನುತ್ತೇವೆ.

ಮೊನ್ನೆ ಹೋದಾಗ, ಇನ್ನೇನಾದರೂ ಇದೆಯೆ? ಅಂದಳು.
ಇಲ್ಲ ಅಂತ ಎದ್ದೆ. ಮತ್ತೆ ಕೂತೆ.
ಕಾಗದ ಬಿಡಿಸಿ ಸಣ್ಣಕ್ಷರದ ಸಾಲನ್ನು
ಗಟ್ಟಿಯಾಗಿ ಓದಿದೆ; ಅಂಗಡಿ, ಪಾಯಿಖಾನೆ, ಎಲ್ಲ ಸೇರಿಸಿ.

ಅವಳು ತಲೆಯೆತ್ತಿ ಕೇಳಿದಳು:
ಆ ತಿರುವಿನ ಅಂಗಡಿಯದಾ?
ಅದಕ್ಕೆ ಇನ್ನೂ ಅಗುಳಿ ಹಾಕಿಸಿಲ್ಲವೆ?